ಬಿಳಿ ಪ್ಯಾಂಟಿನ ಡ್ರಿಲ್ ಮಾಸ್ತರು

ಬಿಳಿ ಪ್ಯಾಂಟು ಬಿಟ್ಟು ಬೇರೆ ತೊಡದ ಡ್ರಿಲ್ ಮಾಸ್ತರು ಪ್ರಾಸ್ಟೇಟ್ ಆಪರೇಷನ್ ಆದಮೇಲೆ ಕಪ್ಪು ಪ್ಯಾಂಟಿಗೆ ಬಂದರು. ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತಿತ್ತು. ಒಳಗಿನ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಮನೆಯಲ್ಲೇ ಸದ್ದಿಲ್ಲದೆ ಮಾಡಿ ಎಂದರು ಡಾಕ್ಟರು. ಸದ್ದಿಲ್ಲದೆ ಮಾಡುವುದು ಮಾಸ್ತರಿಗೆ ಎಲ್ಲಿ ಬರಬೇಕು?

ಅದೇ ತೊಂದರೆಯ ಹಿರಿಯರನ್ನೆಲ್ಲ ಕಂಟೋನ್ಮೆಂಟಿನ ಬಯಲಲ್ಲಿ ಬೆಳಿಗ್ಗೆ ಸಾಲಾಗಿ ನಿಲ್ಲಿಸಿದರು. ನಾನು ಅಪ್ಪನನ್ನು ಕರೆದೊಯ್ಯುತ್ತಿದ್ದೆ. "ಸಾವಧಾನ್!" ಎಂದರೆ ಬಿಗಿಹಿಡಿಯಬೇಕು, "ವಿಶ್ರಾಮ್!" ಎಂದರೆ ಬಿಡಬೇಕು. ನೋಡುವವರಿಗೆ ಒಬ್ಬರ ಬೆರಳೂ ಅಲ್ಲಾಡುತ್ತಿರಲಿಲ್ಲ. ಮಾಸ್ತರು ಮಾತ್ರ ಒಬ್ಬೊಬ್ಬರ ಮುಂದೆ ನಿಂತು, "ಬರೇ ಮಾರಿ ಬಿಗಿ ಹಿಡಿದ್ರ ಆಗಂಗಿಲ್ರಿ!" ಎಂದು ಗದರುತ್ತಿದ್ದರು.

ಒಂದು ದಿನ ಬಿಳಿ ಪ್ಯಾಂಟಿನಲ್ಲೇ ಬಂದರು. "ಸಾವಧಾನ್!" ಎಂದು ಕೂಗಿದ್ದೇ ತಡ, ಪಕ್ಕದ ರಸ್ತೆಯಲ್ಲಿ ಮೆಣಸಿನಕಾಯಿ ಲಾರಿ ಹಾದುಹೋಯಿತು. ಘಾಟಿಗೆ ಮಾಸ್ತರು ಬಯಲು ಅದುರುವಂತೆ ಸೀನಿದರು. ಎಲ್ಲರ ಕಣ್ಣೂ ಪ್ಯಾಂಟಿನ ಮೇಲೆ. ಅವರೂ ಬಗ್ಗಿ ನೋಡಿಕೊಂಡರು. ಒಂದು ಹನಿಯೂ ಇಲ್ಲ! ಯಾರಿಗೋ ಸೆಲ್ಯೂಟ್ ಹೊಡೆದು, ಎದೆಯುಬ್ಬಿಸಿಕೊಂಡು ನೇರ ಮನೆಗೆ ನಡೆದುಬಿಟ್ಟರು.

ಮನೆಯಲ್ಲಿ ಚಹಾ ಆರುತ್ತಿದ್ದರೂ ಅಪ್ಪ ಕಂಬದಂತೆ ಕೂತಿದ್ದರು.

"ಯಾಕಪ್ಪಾ, ಏನಾತು?"

"ಮಾಸ್ತರು ವಿಶ್ರಾಮ್ ಅನ್ನಾದು ಮರತು ಹೋದ್ರಲ್ಲೋ. ಹೆಂಗ ಬಿಡ್ಲಿ?"