ಒಝೆಲಿಗೆ ಕಟ್ಟದ ಹಗ್ಗ

ಬೆಳಕು ಹರಿಯುವ ಮುನ್ನವೇ ಯುಲಾಲಿ ನಾಕಿನ್ ದೋಣಿಗೆ ಇಳಿದಿದ್ದಾಳೆ, ಅವಳ ಬುಡಕಟ್ಟಿನವನೇ ಆದ ನಾನೂ ಜೊತೆಗಿದ್ದೇನೆ. ಲೂಸಿಯಾನಾದ ಈ ತಗ್ಗಿನಲ್ಲಿ ನೀರು ಯಾವುದು, ನೆಲ ಯಾವುದು ಎಂದು ಈ ಹೊತ್ತಿನಲ್ಲಿ ಹೇಳಲಾಗದು. ಜೊಂಡಿನ ಮರೆಯಲ್ಲಿ ಏನೋ ಟಕ್, ಟಕ್ ಎಂದು ಬಡಿಯುತ್ತಿದೆ. ಅವಳು ಹುಟ್ಟು ನಿಲ್ಲಿಸಿ ಆಲಿಸುತ್ತಾಳೆ. "ಖಾಲಿ ದೋಣಿ ಕಣಪ್ಪ. ಶವಪೆಟ್ಟಿಗೆ ಸದ್ದು ಇನ್ನೂ ದಪ್ಪ ಇರುತ್ತೆ."

ಅರವತ್ತೆಂಟರ ಯುಲಾಲಿ ಹೊಟ್ಟೆಪಾಡಿಗೆ ಏಡಿ ಹಿಡಿಯುತ್ತಾಳೆ. ಮೆಥಡಿಸ್ಟ್ ಕ್ರೈಸ್ತ ಮಿಷನ್ನಿನ ಸ್ಮಶಾನ ಕಾಯುವುದು ಸಂಬಳವಿಲ್ಲದ ಇನ್ನೊಂದು ಕೆಲಸ. ಕಳೆದ ವರ್ಷದ ಚಂಡಮಾರುತ ಅಲ್ಲಿಂದ ಇಪ್ಪತ್ತಮೂರು ಪೆಟ್ಟಿಗೆಗಳನ್ನು ತೇಲಿಸಿಕೊಂಡು ಹೋಯಿತು. ಇಪ್ಪತ್ತೆರಡನ್ನು ಇವಳೇ ಹುಡುಕಿ ಎಳೆದು ತಂದಿದ್ದಾಳೆ. ಮಿಷನ್ನಿನವರ ಪೆಟ್ಟಿಗೆಯಲ್ಲಿ ಶವದ ತಲೆಯಡಿ ಮೇಣಬಟ್ಟೆ ಸುತ್ತಿದ ಫ್ರೆಂಚ್ ಹಾಡಿನ ಪುಸ್ತಕವಿರುತ್ತದೆ, ಅದೇ ಗುರುತು.

ಆ ಪುಸ್ತಕಗಳು ಬಂದದ್ದು ಇವಳ ಅಜ್ಜಿಯ ಕಾಲದಲ್ಲಿ, ಮಿಷನ್ನಿನ ದೋಣಿಯಲ್ಲಿ. ಪೇಟೆಯ ಶಾಲೆ ನಮ್ಮ ಬುಡಕಟ್ಟಿನ ಮಕ್ಕಳನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಮಿಷನ್ನಿನ ಟೀಚರಮ್ಮ ಮೊದಲು ನಾವಾಡುವ ಫ್ರೆಂಚ್ ಕಲಿತಳು, ಆಮೇಲೆ ದೋಣಿಕಟ್ಟೆಯ ಮೇಲೆಯೇ ಪಾಠ ಶುರುಮಾಡಿದಳು. ಯುಲಾಲಿಯ ತಾಯಿ ಒಝೆಲಿ ಅಕ್ಷರ ಕಲಿತದ್ದು ಅಲ್ಲಿ. ಇನ್ನೂ ಸಿಗದ ಪೆಟ್ಟಿಗೆ ಅವಳದೇ.

ಹೂಳುವಾಗ ಪೆಟ್ಟಿಗೆಯನ್ನು ಓಕ್ ಮರದ ಬೇರಿಗೆ ಹಗ್ಗದಿಂದ ಕಟ್ಟುವುದು ಇಲ್ಲಿನ ರೂಢಿ. ಕಟ್ಟಿದವು ಬೇರುಸಹಿತ ಕಿತ್ತುಬಂದರೂ ಜೊಂಡಿಗೆ ಸಿಕ್ಕಿ ಹತ್ತಿರವೇ ನಿಂತವು. ಒಝೆಲಿಗೆ ಹಗ್ಗ ಕಟ್ಟಿರಲಿಲ್ಲ. "ನಾನೇ ಬೇಡ ಅಂದೆ. ಬದುಕಿದ್ದಾಗಿನ ಕಟ್ಟುಪಾಡು ಸಾಲ್ದಾ, ಸತ್ತ್ಮೇಲೂ ಅವ್ವನ್ನ ಕಟ್ಟಿಹಾಕ್ಬೇಕಾ ಅಂತ ಜಗಳ ಆಡ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

ಬರುವ ಸೋಮವಾರ, ಈವರೆಗೆ ಸಿಕ್ಕ ಪೆಟ್ಟಿಗೆಗಳನ್ನೆಲ್ಲ ನೀರು ಮುಟ್ಟದ ಎತ್ತರದ ಊರಿಗೆ ಒಯ್ದು ಹೂಳುತ್ತಾರೆ. ಅಷ್ಟರಲ್ಲಿ ಸಿಗದಿದ್ದರೆ ಒಝೆಲಿ ತನ್ನವರನ್ನು ಬಿಟ್ಟು ಒಬ್ಬಳೇ ಈ ನೀರಿನಲ್ಲಿ ಉಳಿಯುತ್ತಾಳೆ. ಇವತ್ತು ಶನಿವಾರ.

ಎದುರು ಬಂದ ಸೀಗಡಿ ದೋಣಿಯ ಆರ್ಸೆನ್ ಕೆಣಕುತ್ತಾನೆ: "ಏನಕ್ಕಾ, ಏಡಿನೋ ಹೆಣನೋ?"

"ಯಾವ್ದು ಸಿಕ್ಕಿದ್ರೆ ಅದು. ನಿನ್ನ ಸರದಿ ಬಂದಾಗ ಮಾತ್ರ ಎರಡು ಹಗ್ಗ ಹಾಕ್ತೀನಿ ಕಣೋ!"

ಅವನು ನಗುತ್ತಾ ಮುಂದೆ ಹೋಗುತ್ತಾನೆ, ನಾವೂ ನಗುತ್ತಲೇ ಹೊರಟಿದ್ದ ಹಳೆಯ ದೋಣಿಕಟ್ಟೆಗೆ ಮರಳುತ್ತೇವೆ. ದಿನವೂ ಸಂಜೆ ಯುಲಾಲಿ ಇಲ್ಲಿನ ಗೂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ನೀರಿಗೆ ಬಿಡುತ್ತಾಳೆ, ಅವ್ವನಿಗೆಂದು. ಹೊರಡುವಾಗ ಅದು ಸಡಿಲವಾಗಿ ತೇಲುತ್ತಿದ್ದುದನ್ನು ನಾನೇ ನೋಡಿದ್ದೆ. ಈಗ ಬಿಗಿದು ನಿಂತಿದೆ. ನೀರು ಸಮುದ್ರದ ಕಡೆ ಹರಿಯುತ್ತಿದೆ, ಹಗ್ಗ ಮಾತ್ರ ಅದಕ್ಕೆ ಎದುರಾಗಿ, ಸ್ಮಶಾನದ ಕಡೆಗೆ ಸಣ್ಣಗೆ ನಡುಗುತ್ತಿದೆ.

ನಾನು ಎಳೆಯಲು ಬಾಗುತ್ತೇನೆ. ಅವಳು ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಅವಳ ಬೆರಳುಗಳು ತಣ್ಣಗಿವೆ, ಮುಖದಲ್ಲಿ ಮಾತ್ರ ಹೆಮ್ಮೆಯಿದೆ.

"ಎಳೀಬೇಡ ಕಣಪ್ಪ. ನಾನು ಅವ್ಳನ್ನ ಕಟ್ಲಿಲ್ಲ. ಅವ್ವನೇ ಹಿಡ್ಕೊಂಡಿದಾಳೆ."