ಪಕ್ಕಪಕ್ಕ ಇಟ್ಟು ನೋಡಿದ್ರಾ?

ನಮ್ಮ ಪ್ರಯೋಗಾಲಯದ ಹೋಲಿಕೆ ಮೇಷ್ಟ್ರಿಗೆ ಮಂಗಗಳ ವಂಶಾವಳಿ ಗೊತ್ತಿರುವಷ್ಟು ಸ್ವಂತ ಸೋದರಮಾವಂದಿರ ಹೆಸರು ಗೊತ್ತಿಲ್ಲ. ಬೇರೆ ಬೇರೆ ಜಾತಿಯ ಮಂಗಗಳಲ್ಲಿ ಸಿಕ್ಕ ರೆಟ್ರೋವೈರಸ್‌ಗಳ ಪ್ರೋಟೀನುಗಳನ್ನು ಜೆಲ್ ಎಂಬ ಲೋಳೆಯ ಹಾಳೆಯಲ್ಲಿ ವಿದ್ಯುತ್ ಹಾಯಿಸಿ ಅಕ್ಕಪಕ್ಕ ಓಡಿಸಿ, ಮೂಡಿದ ನೀಲಿ ಪಟ್ಟೆಗಳ ಮೇಲೆ ಮೂಗು ತಾಗುವಷ್ಟು ಬಗ್ಗಿ, "ಇವೆರಡೂ ಅಣ್ಣತಮ್ಮ, ಅದು ದಾಯಾದಿ, ಇದು ಸುಮ್ನೆ ಊಟಕ್ಕೆ ಬಂದಿದ್ದು" ಎಂದು ತೀರ್ಪು ಕೊಡುವುದೇ ಅವರ ಕಸುಬು. ಕೋಟು ಕಳಚಿಟ್ಟರೂ ಚಟ ಬಿಡದು. ಬಸ್ಸಿನಲ್ಲಿ ಅಪರಿಚಿತರಿಬ್ಬರ ಕಿವಿ ನೋಡಿ "ನೀವು ಸಂಬಂಧಿಕರಾ?" ಎಂದು ಕೇಳಿ ಬೈಸಿಕೊಂಡದ್ದೂ ಉಂಟು. ಯಾರಾದರೂ "ಮಗು ಥೇಟ್ ಅಪ್ಪನ ಹಾಗೇ" ಎಂದರೆ ಮುಗಿಯಿತು, ಕನ್ನಡಕ ಏರಿಸಿಕೊಂಡು, "ಪಕ್ಕಪಕ್ಕ ಇಟ್ಟು ನೋಡಿದ್ರಾ?" ಎಂದು ಬಾಣಂತಿಯ ಎದುರೇ ವಾದಕ್ಕೆ ನಿಲ್ಲುತ್ತಾರೆ. ಅದಕ್ಕೇ ಅವರ ಹೆಂಡತಿ ಅವರನ್ನು ಯಾರ ತೊಟ್ಟಿಲ ಹತ್ತಿರವೂ ಬಿಡುವುದಿಲ್ಲ. ಮೊನ್ನೆ ಅವರು ಮನೆಯಲ್ಲೇ ಮರೆತುಬಂದ ಊಟದ ಡಬ್ಬಿ ಕೊಡಲು ಮಗಳು ಬಂದಳು. ಮೂರು ವರ್ಷದವಳಿದ್ದಾಗ ದತ್ತು ತಂದ ಹುಡುಗಿ ಎಂಬುದು ನಮಗೆಲ್ಲ ಗೊತ್ತು. ಹೊಸದಾಗಿ ಬಂದ ಗುಮಾಸ್ತರಿಗೆ ಗೊತ್ತಿರಲಿಲ್ಲ. "ಸಾರ್, ಮಗಳು ಥೇಟ್ ನಿಮ್ಮ ಹಾಗೇ!" ಎಂದುಬಿಟ್ಟರು. ಇನ್ನೇನು "ಪಕ್ಕಪಕ್ಕ" ಶುರುವಾಯಿತು ಎಂದುಕೊಂಡೆವು ನಾವೆಲ್ಲ. ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, "ಅಲ್ವಾ? ನೋಡಿದೋರೆಲ್ಲ ಹಾಗೇ ಅಂತಾರೆ" ಎಂದರು.