ಒಳಲೆ ಹಿಂತಿರುಗಿದ ಬೆಳಗು

ಮೊನ್ನೆ ಬೀರು ಕ್ಲೀನ್ ಮಾಡುವಾಗ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಬೆಳ್ಳಿ ಒಳಲೆ ಸಿಕ್ಕಿತು. ಪೂರ್ತಿ ಕಪ್ಪಗಾಗಿತ್ತು. ನನ್ನ ಇಬ್ಬರು ಮಕ್ಕಳೂ ಅದರ ಮೂತಿಯಿಂದಲೇ ಹಾಲು ಕುಡಿದವರು. ಆದರೆ ಕೈಗೆತ್ತಿಕೊಂಡಾಗ ನೆನಪಾದವಳು ನಮ್ಮ ಹಾಲಿನವಳು...

ತೊಂಬತ್ತರ ದಶಕ. ನಾವಾಗ ಅರಸೀಕೆರೆಯಲ್ಲಿದ್ದೆವು, ಯಜಮಾನರಿಗೆ ರೈಲ್ವೆಯಲ್ಲಿ ಕೆಲಸ. ಜಾವಗಲ್ ಕಡೆಯಿಂದ ನಮ್ಮ ಹಿಂದಿನ ಬೀದಿಗೆ ಸೊಸೆಯಾಗಿ ಬಂದವಳು ಅವಳು. ಹಾಲು ತೆಳ್ಳಗಿದೆಯೆಂದು ಗೊಣಗಿದರೆ, "ನಾನು ನೀರು ಹಾಕಿಲ್ಲ ಅಮ್ಮೋರೆ, ಹಸವೇ ವಸಿ ಜಾಸ್ತಿ ಕುಡುದ್ಬುಟ್ಟೈತೆ," ಎನ್ನುವಳು. ನನ್ನ ಸಿಟ್ಟು ಅಲ್ಲಿಗೆ ಇಳಿಯುತ್ತಿತ್ತು.

ಅವಳ ಮೊದಲ ಮಗು, ಹೆಣ್ಣು, ಸೀಳುತುಟಿಯೊಂದಿಗೆ ಹುಟ್ಟಿತು. ಅಂಗುಳವೂ ಸೀಳಿತ್ತು. ಮೊಲೆ ಚೀಪಲಾರದು, ಕುಡಿಸಿದ್ದೆಲ್ಲ ಮೂಗಿನಿಂದ ಬರುತ್ತಿತ್ತು. ನಾನು ಈ ಒಳಲೆ ಕೊಟ್ಟೆ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಅವಳು ಕುಡುಗೋಲು ಹಿಡಿದು ಹಸುವಿಗೆ ಹುಲ್ಲು ಕೊಯ್ದಿದ್ದಳಂತೆ. ಬಸುರಿ ಹಾಗೆ ಕೊಯ್ದರೆ ಹೊಟ್ಟೆಯಲ್ಲಿರುವ ಮಗುವಿನ ತುಟಿ ಕೊಯ್ದಂತೆ ಎಂಬುದು ಅಲ್ಲಿನವರ ನಂಬಿಕೆ. ಅತ್ತೆ ದಿನಕ್ಕೆ ಹತ್ತು ಸಲ ಅದನ್ನೇ ಅಂದಳು. ಹನ್ನೊಂದನೆಯ ಸಲ ಇವಳು ತನಗೆ ತಾನೇ ಅಂದುಕೊಂಡಳು.

ಆಪರೇಷನ್ ಉಚಿತವೆಂದು ಕೇಳಿ, ತಾಯಿಯನ್ನೂ ಮಗುವನ್ನೂ ರೈಲಿನಲ್ಲಿ ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲೊಬ್ಬ ಕೌನ್ಸೆಲರ್ ಹುಡುಗಿ, ಕನ್ನಡ ಬಾರದವಳು. ನನ್ನ ಇಂಗ್ಲಿಷ್ ಕೇಳಿ ಅವಳಿಗೆ ಜೀವ ಬಂದಂತಾಯಿತು. ತಾಯಿಗೆ ನಿದ್ದೆ ಬರುತ್ತದೆಯೇ, ಇದು ಯಾಕಾಯಿತೆಂದು ಅವಳ ಮನಸ್ಸಿನಲ್ಲಿದೆ, ದಯವಿಟ್ಟು ಕೇಳಿ ಎಂದಳು.

ನಾನು ಕೇಳಲಿಲ್ಲ. ಕೇಳಿದರೆ ಗ್ರಹಣ, ಕುಡುಗೋಲು ಎಲ್ಲ ಹೊರಬಂದು, ಓದಿದವರ ಮುಂದೆ ನಮ್ಮ ಮರ್ಯಾದೆ ಹೋಗುತ್ತದೆ ಅನ್ನಿಸಿತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಿದ್ದಿದ ಉಚ್ಚಾರಣೆಯಲ್ಲಿ, "ಷಿ ಈಸ್ ಫೈನ್. ವೆರಿ ಬ್ರೇವ್ ವುಮನ್," ಎಂದುಬಿಟ್ಟೆ. ಹುಡುಗಿ ಬರೆದುಕೊಂಡಳು.

"ಏನಂತೆ ಅಮ್ಮೋರೆ?"

"ಏನಿಲ್ಲ ಕಣೆ. ನಿನ್ನ ಹೆಸರು ಕೇಳಿದ್ರು."

ತುಟಿ ಕೂಡಿತು. ಬೀದಿಯವರೆಲ್ಲ ಬಂದು ನೋಡಿ ಹೋದರು. ಪ್ರಾಬ್ಲಮ್ ಸಾಲ್ವ್ಡ್ ಎಂದು ನಾನೂ ನಿರಾಳವಾದೆ. ಅವಳು ಮಾತ್ರ ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಳು. ಕೇಳಿದ್ದಕ್ಕೆ, "ಕೊಯ್ದ ಕೈ ಇದು ಅಮ್ಮೋರೆ. ತಾಕಿ ಹೊಲಿಗೆ ಬಿಟ್ಕೊಂಡ್ರೆ?" ಎಂದು ಎರಡೂ ಕೈ ಸೆರಗಿನೊಳಗೆ ಅಡಗಿಸಿಕೊಂಡಳು. "ನಾನ್‌ಸೆನ್ಸ್," ಎಂದೆ. ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ...

ಒಂದು ಬೆಳಿಗ್ಗೆ ಹಾಲು ಬರಲಿಲ್ಲ. ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಒಳಲೆ ಇತ್ತು, ವಿಭೂತಿ ಹಾಕಿ ತಿಕ್ಕಿ ತಿಕ್ಕಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅವಳು ಮನೆಯಲ್ಲಿರಲಿಲ್ಲ. ಅವಳ ಅಣ್ಣಂದಿರು ಜಾವಗಲ್, ಹಳೇಬೀಡು, ಬೇಲೂರಿನ ಬಸ್‌ಸ್ಟ್ಯಾಂಡ್, ಕೆರೆಗಳ ದಡ, ಎಲ್ಲ ಹುಡುಕಿದರು. ಸಿಗಲಿಲ್ಲ.

ಅಂಗುಳದ ಆಪರೇಷನ್ನಿಗೆ ಮಗುವನ್ನೂ ಅತ್ತೆಯನ್ನೂ ನಾನೇ ಕರೆದೊಯ್ದೆ. ಅದೇ ಹುಡುಗಿ ಫೈಲ್ ತೆರೆದಳು. ನಾನು ಹೇಳಿದ್ದನ್ನೇ ಓದಿ, ಆ ಧೈರ್ಯದ ತಾಯಿ ಎಲ್ಲಿ, ಬರಲಿಲ್ಲವೇ ಎಂದು ಕೇಳಿದಳು. 

ಆಮೇಲೆ ನಮಗೆ ಟ್ರಾನ್ಸ್‌ಫರ್ ಆಯಿತು. ಆ ಮಗು ಈಗ ದೊಡ್ಡವಳಾಗಿರಬೇಕು. ಅವಳಿಗೆ ತಾಯಿಯ ಬಗ್ಗೆ ಯಾರು ಏನು ಹೇಳಿರುತ್ತಾರೋ...

ಇವತ್ತು ಕೂತು ಒಳಲೆ ತಿಕ್ಕಿದೆ. ಅವಳು ತಂದ ಹೊಳಪು ಬರಲಿಲ್ಲ. ನಿನಗೆ ನಿದ್ದೆ ಬರ್ತದೇನೆ? ಮೂರೇ ಮಾತು. ಕೇಳಲು ಇಂಗ್ಲಿಷೂ ಬೇಕಿರಲಿಲ್ಲ.